ಟಿಶ್ಯೂ ಪ್ರೊಸೆಸರ್ ಕೊಳ್ಳುವ ಮುಂಚೆ: ರಾತ್ರಿಯಿಡೀ ಅದರೊಳಗೆ ನಡೆಯುವುದೇನು?

ರಕ್ತದ ರಿಪೋರ್ಟ್ ಸಂಜೆಯೊಳಗೆ ಕೈಗೆ ಬರುತ್ತೆ. ಬಯಾಪ್ಸಿ ರಿಪೋರ್ಟಿಗೆ ಮಾತ್ರ ದಿನಗಟ್ಟಲೆ ಕಾಯಬೇಕು. ಯಾಕೆ ಅಂತ ರೋಗಿಯ ಮನೆಯವರು ಕೇಳುತ್ತಾರೆ. ಹೊಸದಾಗಿ ಹಿಸ್ಟಾಲಜಿ ಲ್ಯಾಬ್ (ಅಂಗಾಂಶದ ತುಣುಕುಗಳನ್ನು ಪರೀಕ್ಷೆಗೆ ಸಿದ್ಧ ಮಾಡುವ ಲ್ಯಾಬ್) ಶುರು ಮಾಡಲು ಹೊರಟ ಆಸ್ಪತ್ರೆ ಆಡಳಿತದವರೂ ಇದನ್ನೇ ಕೇಳುತ್ತಾರೆ. ಕಾಯುವ ಆ ಹೊತ್ತಿನಲ್ಲಿ ಒಂದು ಪಾಲು ಟಿಶ್ಯೂ ಪ್ರೊಸೆಸರ್ ಅನ್ನುವ ಮೆಷಿನ್‌ನದು. ಲ್ಯಾಬಿನಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ಕೆಲಸ ಶುರು ಮಾಡುವ ಮೆಷಿನ್ ಅದು.

ಕೊಟೇಷನ್ ಹಾಳೆಗಳು ಮೇಜಿಗೆ ಬಂದಾಗ ಸಹಿ ಹಾಕಬೇಕಾದವರಿಗೆ ಎಷ್ಟೋ ಸಲ ಲ್ಯಾಬ್ ಕೆಲಸದ ಪರಿಚಯವೇ ಇರುವುದಿಲ್ಲ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಎರಡೇ: ಒಂದು ಸಲಕ್ಕೆ ಎಷ್ಟು ಕ್ಯಾಸೆಟ್ (ಅಂಗಾಂಶದ ತುಣುಕು ಇಡುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ), ಎಷ್ಟು ಗಂಟೆಯಲ್ಲಿ ಮುಗಿಯುತ್ತೆ. ಈ ಎರಡನ್ನೇ ನೋಡಿ ಆರಿಸಿದರೆ ಎಡವುವ ಸಾಧ್ಯತೆ ಜಾಸ್ತಿ. ಯಾಕೆ ಅಂತ ಬುಡದಿಂದ ನೋಡೋಣ.

## ಮೇಣ ಯಾಕೆ ಬೇಕು?

ಡಾಕ್ಟರು ತೆಗೆದ ಅಂಗಾಂಶದ ತುಣುಕನ್ನು ಲ್ಯಾಬಿನವರು ಟಿಶ್ಯೂ ಅಂತಲೇ ಕರೆಯುತ್ತಾರೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಬೆಳಕು ಅದರೊಳಗಿಂದ ಹಾದು ಬರಬೇಕು. ಅಂದರೆ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯಬೇಕು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಹಸಿ ಟಿಶ್ಯೂ ಮೆತ್ತಗಿರುತ್ತೆ, ಒಳಗೆಲ್ಲ ನೀರು, ಬ್ಲೇಡ್ ತಾಗಿದರೆ ಜಾರಿ ಮುದುಡಿಹೋಗುತ್ತೆ. ಅದಕ್ಕೇ ನೀರನ್ನೆಲ್ಲ ತೆಗೆದು ಆ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ತುಂಬಿಸುತ್ತಾರೆ. ಮೇಣ ಆರಿದ ಮೇಲೆ ಟಿಶ್ಯೂ ಕೂಡ ಹೆಚ್ಚುಕಮ್ಮಿ ಮೇಣದಷ್ಟೇ ಗಟ್ಟಿಯಾಗುತ್ತೆ. ಆಗ ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ ಅದನ್ನು ಸಲೀಸಾಗಿ ಕೊಯ್ಯಬಹುದು.

ಆದರೆ ನೀರಿಗೂ ಮೇಣಕ್ಕೂ ಆಗಿಬರುವುದಿಲ್ಲ. ಒದ್ದೆ ಟಿಶ್ಯೂವನ್ನು ನೇರವಾಗಿ ಮೇಣಕ್ಕೆ ಹಾಕಿದರೆ ಮೇಣ ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಸುತ್ತುದಾರಿ ಹಿಡಿಯಬೇಕು. ಮೊದಲು ಆಲ್ಕೋಹಾಲ್ ಹಾಕಿ ನೀರನ್ನು ಹೊರಗೆ ಕಳಿಸುತ್ತಾರೆ, ಯಾಕೆಂದರೆ ನೀರು ಮತ್ತು ಆಲ್ಕೋಹಾಲ್ ಚೆನ್ನಾಗಿ ಬೆರೆಯುತ್ತವೆ. ಆಮೇಲೆ ಕ್ಸೈಲೀನ್ ಅನ್ನುವ ದ್ರವ ಹಾಕಿ ಆಲ್ಕೋಹಾಲನ್ನು ಹೊರಗೆ ಕಳಿಸುತ್ತಾರೆ. ಕ್ಸೈಲೀನಿಗೆ ಆಲ್ಕೋಹಾಲ್ ಜೊತೆಗೂ ಆಗುತ್ತೆ, ಮೇಣದ ಜೊತೆಗೂ ಆಗುತ್ತೆ. ಕೊನೆಗೆ ಕ್ಸೈಲೀನ್ ಜಾಗಕ್ಕೆ ಕರಗಿದ ಮೇಣ ಬಂದು ಕೂರುತ್ತೆ. ಈ ಮೂರು ಹಂತಗಳಿಗೆ ಲ್ಯಾಬಿನಲ್ಲಿ ಡೀಹೈಡ್ರೇಷನ್, ಕ್ಲಿಯರಿಂಗ್, ಇನ್‌ಫಿಲ್ಟ್ರೇಷನ್ ಅನ್ನುತ್ತಾರೆ. ಮೂರೂ ಸೇರಿ ಪ್ರೊಸೆಸಿಂಗ್.

ಇದಕ್ಕೆಲ್ಲ ಮುಂಚೆ ಇನ್ನೊಂದು ಹಂತವಿದೆ, ಫಿಕ್ಸೇಷನ್. ದೇಹದಿಂದ ಹೊರಬಂದ ಟಿಶ್ಯೂ ಕೆಡಲು ಶುರುವಾಗುತ್ತೆ. ಅದು ಇದ್ದ ಹಾಗೇ ಉಳಿಯಲಿ ಅಂತ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಿ ಇಡುತ್ತಾರೆ. 10% ಅಂದರೂ ಅದರಲ್ಲಿ ನಿಜಕ್ಕೂ ಇರುವ ಫಾರ್ಮಾಲ್ಡಿಹೈಡ್ ಸುಮಾರು 4% ಅಷ್ಟೇ. ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಒಂದೆರಡು ಫಾರ್ಮಲಿನ್ ಹಂತ ಇರುತ್ತವೆ. ಆದರೆ ಫಿಕ್ಸೇಷನ್ ಪೂರ್ತಿ ಅಲ್ಲೇ ಆಗಿಬಿಡುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಸ್ತನ ಕ್ಯಾನ್ಸರಿನ ಟಿಶ್ಯೂ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು ಅಂತ ಅಮೆರಿಕದ ಕ್ಯಾನ್ಸರ್ ತಜ್ಞರ ಮತ್ತು ಪೆಥಾಲಜಿಸ್ಟ್‌ಗಳ (ಟಿಶ್ಯೂ ನೋಡಿ ರೋಗ ಗುರುತಿಸುವ ಡಾಕ್ಟರುಗಳ) ಸಂಘಗಳು ಹೇಳಿವೆ. ಅದಕ್ಕಿಂತ ಕಮ್ಮಿಯಾದರೆ ಮುಂದೆ ಯಾವ ಔಷಧಿ ಕೊಡಬೇಕು ಅಂತ ತೀರ್ಮಾನಿಸುವ ಹಾರ್ಮೋನ್ ರಿಸೆಪ್ಟರ್ ಟೆಸ್ಟೇ ತಪ್ಪಾಗಬಹುದು.

## ಅಷ್ಟೊಂದು ಬಾಟಲಿ ಯಾಕೆ?

ಮೆಷಿನ್ ಬಾಗಿಲು ತೆಗೆದರೆ ಸಾಲಾಗಿ ಹತ್ತು ಹನ್ನೆರಡು ಬಾಟಲಿ ಕಾಣುತ್ತವೆ. ಒಂದು ಆಲ್ಕೋಹಾಲ್, ಒಂದು ಕ್ಸೈಲೀನ್, ಒಂದು ಮೇಣ ಸಾಲದೇ?

ಬಟ್ಟೆ ಜಾಲಿಸುವುದನ್ನು ನೆನಪಿಸಿಕೊಳ್ಳಿ. ಸೋಪು ಹಚ್ಚಿದ ಬಟ್ಟೆಯನ್ನು ಮೊದಲ ಬಕೆಟ್‌ನಲ್ಲಿ ಅದ್ದಿದರೆ ನೊರೆಯೆಲ್ಲ ಅಲ್ಲಿಗೇ ಇಳಿಯುತ್ತೆ. ಎರಡನೆಯದರಲ್ಲಿ ಸ್ವಲ್ಪ. ಮೂರನೆಯದರಲ್ಲಿ ನೀರು ತಿಳಿಯಾಗಿಯೇ ಇರುತ್ತೆ. ನೀರು ಬದಲಿಸುವಾಗ ಮೂರೂ ಬಕೆಟ್ ಚೆಲ್ಲುವುದಿಲ್ಲ. ಮೊದಲನೆಯದನ್ನು ಚೆಲ್ಲಿ, ಎರಡನೆಯದನ್ನು ಮೊದಲ ಜಾಗಕ್ಕೆ ತಂದು, ಹೊಸ ನೀರನ್ನು ಕೊನೆಗೆ ಇಡುತ್ತೇವೆ. ಪ್ರೊಸೆಸರ್‌ನಲ್ಲಿ ನಡೆಯುವುದೂ ಇದೇ. ಟಿಶ್ಯೂ, ಅದನ್ನಿಟ್ಟ ಪ್ಲಾಸ್ಟಿಕ್ ಕ್ಯಾಸೆಟ್, ಬುಟ್ಟಿ ಎಲ್ಲವೂ ಹಿಂದಿನ ಬಾಟಲಿಯ ದ್ರವವನ್ನು ಮುಂದಿನದಕ್ಕೆ ಹೊತ್ತು ತರುತ್ತವೆ. ಇದಕ್ಕೆ ಕ್ಯಾರಿಓವರ್ ಅಂತ ಹೆಸರು. ಮೊದಲ ಆಲ್ಕೋಹಾಲ್ ಬೇಗ ನೀರಾಗುತ್ತೆ, ಕೊನೆಯದು ಶುದ್ಧವಾಗಿ ಉಳಿಯಬೇಕು. ಕೊನೆಯ ಆಲ್ಕೋಹಾಲಿನಲ್ಲೇ ನೀರು ಸೇರಿದರೆ ಆ ನೀರು ಕ್ಸೈಲೀನಿಗೆ ಹೋಗುತ್ತೆ, ಅಲ್ಲಿಂದ ಮುಂದೆ ಮೇಣವೂ ಸರಿಯಾಗಿ ಒಳಗಿಳಿಯುವುದಿಲ್ಲ.

ಆಲ್ಕೋಹಾಲನ್ನು 70%ನಿಂದ ಶುರುಮಾಡಿ ಮೆಲ್ಲಗೆ 100%ಗೆ ಏರಿಸುವುದಕ್ಕೆ ಬೇರೆ ಕಾರಣಗಳೂ ಇವೆ. ಒಂದೇ ಸಲ ಶುದ್ಧ ಆಲ್ಕೋಹಾಲಿಗೆ ಬಿದ್ದರೆ ಟಿಶ್ಯೂ ಸುಕ್ಕಾಗುತ್ತೆ. ಜೊತೆಗೆ ಬಫರ್ಡ್ ಫಾರ್ಮಲಿನ್‌ನಲ್ಲಿರುವ ಫಾಸ್ಫೇಟ್ ಉಪ್ಪು ಗಾಢ ಆಲ್ಕೋಹಾಲಿನಲ್ಲಿ ಕರಗದೆ ಗಟ್ಟಿ ಕಟ್ಟುತ್ತೆ. ಅದು ಪೈಪು, ವ್ಯಾಲ್ವ್‌ಗಳಲ್ಲಿ ಕೂತರೆ ಸರ್ವಿಸ್ ಎಂಜಿನಿಯರ್ ಬರಬೇಕು.

ಅಂದಮೇಲೆ ಕೊಳ್ಳುವಾಗ ಕೇಳಲೇಬೇಕಾದ ಒಂದು ಪ್ರಶ್ನೆ ಇಲ್ಲೇ ಸಿಕ್ಕಿತು: ದ್ರವ ಯಾವಾಗ ಬದಲಿಸಬೇಕು ಅಂತ ಮೆಷಿನ್ ಹೇಗೆ ಹೇಳುತ್ತೆ? ಕೆಲವು ಮೆಷಿನ್‌ಗಳು ಏನೂ ಹೇಳುವುದಿಲ್ಲ, ಟೆಕ್ನಿಷಿಯನ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಲವು ಎಷ್ಟು ದಿನ, ಎಷ್ಟು ಸುತ್ತು, ಎಷ್ಟು ಕ್ಯಾಸೆಟ್ ಆಯಿತು ಅಂತ ಲೆಕ್ಕ ಇಡುತ್ತವೆ. ದಿನದ ಲೆಕ್ಕಕ್ಕಿಂತ ಕ್ಯಾಸೆಟ್ ಲೆಕ್ಕ ಮೇಲು, ಯಾಕೆಂದರೆ 20 ಕ್ಯಾಸೆಟ್ ಹಾಕಿದ ದಿನವೂ 200 ಹಾಕಿದ ದಿನವೂ ಒಂದೇ ಅಲ್ಲವಲ್ಲ. ಇನ್ನು ಕೆಲವದರಲ್ಲಿ ದ್ರವದ ಸಾಂದ್ರತೆಯನ್ನೇ ಅಳೆಯುವ ಸೆನ್ಸರ್ ಇರುತ್ತೆ. ದುಬಾರಿ, ಆದರೆ ಸುಮ್ನೆ ಬೆಲೆ ಏರಿಸಲು ಹಾಕಿದ ಅಲಂಕಾರ ಅಲ್ಲ ಅದು.

## ವೇಗಕ್ಕೆ ಯಾಕೆ ಮಿತಿ?

ಯಾವ ಮೆಷಿನ್ ತಂದರೂ ದ್ರವ ಟಿಶ್ಯೂ ಒಳಗೆ ಇಳಿಯಬೇಕಾದ್ದು ತನ್ನಷ್ಟಕ್ಕೆ ತಾನೇ, ಹೊರಗಿನಿಂದ ನಡುವಿನವರೆಗೆ. ಇದಕ್ಕೆ ಬೇಕಾದ ಹೊತ್ತು ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತೆ. ಅಂದರೆ ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು. 3 ಮಿ.ಮೀ. ಕೊಯ್ಯಬೇಕಾದಲ್ಲಿ 6 ಮಿ.ಮೀ. ಕೊಯ್ದು ಕ್ಯಾಸೆಟ್ಟಿಗೆ ಒತ್ತಿ ತುಂಬಿದರೆ ಲೋಕದಲ್ಲಿರುವ ಅತ್ಯಂತ ದುಬಾರಿ ಪ್ರೊಸೆಸರ್ ಕೂಡ ನಡುವಿನ ಭಾಗವನ್ನು ಹಸಿಯಾಗಿಯೇ ವಾಪಸ್ ಕೊಡುತ್ತೆ. ಎಷ್ಟೋ ಲ್ಯಾಬುಗಳಲ್ಲಿ ಮೆಷಿನ್ ಸರಿಯಿಲ್ಲ ಅಂತ ಬೈಯುವಾಗ ನಿಜವಾದ ತೊಂದರೆ ಇರುವುದು ಟಿಶ್ಯೂ ಕೊಯ್ಯುವ ಮೇಜಿನ ಮೇಲೆ.

ಮೆಷಿನ್ ಮಾಡಬಹುದಾದ್ದು ಈ ಇಳಿಯುವಿಕೆಗೆ ನೆರವಾಗುವುದು. ದ್ರವವನ್ನು ಆಡಿಸುತ್ತಾ ಇರುವುದು, ಸ್ವಲ್ಪ ಬಿಸಿ ಕೊಡುವುದು, ವ್ಯಾಕ್ಯೂಮ್ ಕೊಟ್ಟು ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಎಳೆಯುವುದು. ಶ್ವಾಸಕೋಶದಂಥ ಗಾಳಿ ತುಂಬಿದ ಟಿಶ್ಯೂಗೆ ವ್ಯಾಕ್ಯೂಮ್ ತುಂಬಾ ಉಪಯೋಗ. ಮೈಕ್ರೋವೇವ್ ಬಳಸುವ ಪ್ರೊಸೆಸರ್‌ಗಳು ಗಂಟೆಗಳ ಕೆಲಸವನ್ನು ಒಂದೆರಡು ಗಂಟೆಗೆ ಇಳಿಸುತ್ತವೆ. ಆದರೆ ಅವಕ್ಕೆ ತುಣುಕುಗಳು ತೆಳ್ಳಗೆ, ಸುಮಾರು 2 ಮಿ.ಮೀ. ದಪ್ಪಕ್ಕೆ, ಎಲ್ಲವೂ ಒಂದೇ ಥರ ಇರಬೇಕು. ಕೊಯ್ಯುವವರ ಕೈ ಆ ಶಿಸ್ತಿಗೆ ಒಗ್ಗದಿದ್ದರೆ ಆ ವೇಗ ಬ್ರೋಷರ್‌ನಲ್ಲೇ ಉಳಿಯುತ್ತೆ.

ಬಿಸಿ ಜಾಸ್ತಿಯಾದರೂ ಕಷ್ಟ. ಮೇಣ ಸಾಮಾನ್ಯವಾಗಿ 56–58 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಅದನ್ನು 60ರ ಆಸುಪಾಸಿನಲ್ಲಿ ಇಡುತ್ತಾರೆ. ಅದಕ್ಕಿಂತ ತುಂಬಾ ಬಿಸಿಯಲ್ಲಿ ಅಥವಾ ತುಂಬಾ ಹೊತ್ತು ಇಟ್ಟರೆ ಚಿಕ್ಕ ಬಯಾಪ್ಸಿಗಳು ಒಣಗಿ ಪುಡಿಪುಡಿಯಾಗುತ್ತವೆ, ಕೊಯ್ಯುವಾಗ ಬಿರುಕು ಬಿಡುತ್ತವೆ. ಕಮ್ಮಿ ಪ್ರೊಸೆಸ್ ಆದದ್ದು ಮೆತ್ತಗಿರುತ್ತೆ, ನಡುವೆ ತೂತು ಬೀಳುತ್ತೆ. ಎರಡೂ ಪೆಥಾಲಜಿಸ್ಟ್‌ಗೆ ತಲೆನೋವೇ.

## ಬುಟ್ಟಿ ಓಡಾಡುವ ಮೆಷಿನ್, ದ್ರವ ಓಡಾಡುವ ಮೆಷಿನ್

ಹಿಂದೆ ಇದೆಲ್ಲ ಕೈಯಲ್ಲೇ ನಡೆಯುತ್ತಿತ್ತು, ಒಂದು ಜಾಡಿಯಿಂದ ಇನ್ನೊಂದಕ್ಕೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಟೆಕ್ನಿಕಾನ್ ಕಂಪನಿ ಆಟೋಟೆಕ್ನಿಕಾನ್ ಅನ್ನುವ ಮೆಷಿನ್ ತಂದಿತು. ಗಡಿಯಾರದ ಲೆಕ್ಕಕ್ಕೆ ಬುಟ್ಟಿಯನ್ನು ಎತ್ತಿ ಮುಂದಿನ ಪಾತ್ರೆಯಲ್ಲಿ ಅದ್ದುವುದು ಅದರ ಕೆಲಸ. ಇವತ್ತಿಗೂ ಸಿಗುವ ಕ್ಯಾರೊಸೆಲ್ ಮೆಷಿನ್‌ಗಳು ಅದೇ ವಂಶದವು. ಲೈಕಾ ಕಂಪನಿಯ ಟಿಪಿ1020 ಈ ಬಗೆಯದು, ಅದರಲ್ಲಿ ವೃತ್ತಾಕಾರವಾಗಿ 12 ಪಾತ್ರೆಗಳಿರುತ್ತವೆ.

ಕ್ಯಾರೊಸೆಲ್‌ನ ಗುಣ ಅದರ ಸರಳತೆ. ಪೈಪಿಲ್ಲ, ಮೇಣ ಕಟ್ಟಿಕೊಳ್ಳುವ ವ್ಯಾಲ್ವ್ ಇಲ್ಲ, ಏನಾಗುತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಕೆಟ್ಟರೆ ಟೆಕ್ನಿಷಿಯನ್ ಬುಟ್ಟಿಯನ್ನು ಕೈಯಲ್ಲಿ ಎತ್ತಿ ಉಳಿದ ಹಂತಗಳನ್ನು ತಾನೇ ಮುಗಿಸಬಹುದು. ತೊಂದರೆ ಅಂದರೆ ಪಾತ್ರೆಗಳಿಂದ ಆವಿ ಕೋಣೆಗೆ ಬರುತ್ತೆ. ಹೊಗೆ ಎಳೆಯುವ ಮುಚ್ಚಳ ಇರುವ ಮಾದರಿಗಳೂ ಇವೆ, ಆದರೂ ಪೂರ್ತಿ ಮುಚ್ಚಿದ ಮೆಷಿನ್‌ನಷ್ಟು ಅಲ್ಲ. ಜೊತೆಗೆ ಬುಟ್ಟಿ ಒಂದು ಪಾತ್ರೆಯಿಂದ ಮೇಲೆದ್ದು ಇನ್ನೊಂದಕ್ಕೆ ಇಳಿಯುವ ಮುಂಚೆ ಸಿಕ್ಕಿಕೊಂಡರೆ ಟಿಶ್ಯೂ ಗಾಳಿಯಲ್ಲೇ ನೇತಾಡುತ್ತಾ ಒಣಗುತ್ತೆ.

ಎರಡನೆಯ ಬಗೆಯಲ್ಲಿ ಟಿಶ್ಯೂ ಅಲ್ಲಾಡುವುದಿಲ್ಲ. ರಿಟಾರ್ಟ್ ಅನ್ನುವ ಮುಚ್ಚಿದ ಪಾತ್ರೆಯಲ್ಲಿ ಕೂತಿರುತ್ತೆ, ದ್ರವಗಳೇ ಒಂದೊಂದಾಗಿ ಒಳಗೆ ಬಂದು ಹೊರಗೆ ಹೋಗುತ್ತವೆ. ಮುಚ್ಚಿರುವುದರಿಂದ ವ್ಯಾಕ್ಯೂಮ್ ಮತ್ತು ಒತ್ತಡ ಕೊಡಬಹುದು, ಆವಿಯೂ ಕಮ್ಮಿ. ಸಕುರಾ ಕಂಪನಿಯ ಟಿಶ್ಯೂ-ಟೆಕ್ ವಿಐಪಿ 6 ಈ ಬಗೆಯದು, ಒಂದು ಸಲಕ್ಕೆ 300 ಕ್ಯಾಸೆಟ್ ಹಿಡಿಯುತ್ತೆ. ಲೈಕಾದ ಪೆಲೊರಿಸ್‌ನಲ್ಲಿ ಎರಡು ರಿಟಾರ್ಟ್ ಇವೆ, ಎರಡಕ್ಕೂ ಬೇರೆ ಬೇರೆ ಪ್ರೋಗ್ರಾಂ ಹಾಕಬಹುದು. ಈ ಬಗೆಯ ಮೆಷಿನ್‌ಗಳಲ್ಲಿ ಪ್ರತಿ ಸುತ್ತಾದ ಮೇಲೂ ರಿಟಾರ್ಟ್ ಮತ್ತು ಪೈಪುಗಳನ್ನು ತೊಳೆಯುವ ಸುತ್ತು ಓಡಿಸಬೇಕು. ಕ್ಸೈಲೀನ್ ಮೇಣವನ್ನು ಕರಗಿಸುತ್ತೆ, ಆಲ್ಕೋಹಾಲ್ ಕ್ಸೈಲೀನನ್ನು ತೆಗೆಯುತ್ತೆ. ಇದನ್ನು ಬಿಟ್ಟು ಹೊಸ ಬ್ಯಾಚ್ ಹಾಕಲು ಮೆಷಿನ್ ಬಿಡುತ್ತಾ? ಬಿಡಬಾರದು. ಡೆಮೊ ಸಮಯದಲ್ಲಿ ನೀವೇ ಪ್ರಯತ್ನಿಸಿ ನೋಡಿ.

ಬ್ಯಾಚ್ ತುಂಬುವವರೆಗೂ ಕಾಯದೆ ದಿನವಿಡೀ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗುವ ಮೆಷಿನ್‌ಗಳೂ ಇವೆ, ಸಕುರಾದ ಎಕ್ಸ್‌ಪ್ರೆಸ್ ಅಂಥದ್ದು. ದಿನವಿಡೀ ಕೆಲಸ ಇರುವ ದೊಡ್ಡ ಲ್ಯಾಬಿಗೆ ಅದು ಸರಿ, ಚಿಕ್ಕದಕ್ಕೆ ಹೊರೆ.

## ದೊಡ್ಡದು ಒಂದಾ, ಚಿಕ್ಕದು ಎರಡಾ?

ಮುಂದೆ ಕೆಲಸ ಜಾಸ್ತಿಯಾಗಬಹುದು ಅಂತ 300ರ ಮೆಷಿನ್ ತಂದು ದಿನಕ್ಕೆ 40 ಕ್ಯಾಸೆಟ್ ಓಡಿಸುವ ಲ್ಯಾಬುಗಳಿಗೆ ಕೊರತೆಯಿಲ್ಲ. 40 ಇರಲಿ 300 ಇರಲಿ, ಬಾಟಲಿಗಳಲ್ಲಿ ತುಂಬಿಡಬೇಕಾದ ದ್ರವ ಅಷ್ಟೇ. ಕೆಲವು ಮೆಷಿನ್‌ಗಳಲ್ಲಿ ರಿಟಾರ್ಟ್ ಅರ್ಧ ತುಂಬಿಸಿ ಓಡಿಸುವ ಅನುಕೂಲ ಇದೆ, ಕೇಳಿ ನೋಡಿ.

ಎಣಿಕೆಗಿಂತ ಮುಖ್ಯ ನಿಮ್ಮಲ್ಲಿಗೆ ಎಂಥ ಟಿಶ್ಯೂ ಬರುತ್ತೆ ಅನ್ನೋದು. ಎಂಡೋಸ್ಕೋಪಿಯಲ್ಲಿ ತೆಗೆದ ಕಡಲೆಬೀಜಕ್ಕಿಂತ ಎಷ್ಟೋ ಚಿಕ್ಕದಾದ ಚೂರಿಗೆ 2ರಿಂದ 4 ಗಂಟೆಯ ಪ್ರೋಗ್ರಾಂ ಸಾಕು. ಕೊಬ್ಬು ತುಂಬಿದ ಸ್ತನದ ಟಿಶ್ಯೂಗೆ, ದೊಡ್ಡ ಗರ್ಭಕೋಶದ ತುಣುಕುಗಳಿಗೆ ಇಡೀ ರಾತ್ರಿ ಬೇಕು. ಕೊಬ್ಬು ಇದ್ದಲ್ಲಿ ದ್ರವಗಳು ಒಳಗಿಳಿಯುವುದು ತುಂಬಾ ನಿಧಾನ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಂದೇ ಪ್ರೋಗ್ರಾಂಗೆ ಹಾಕಿದರೆ ಒಂದಂತೂ ಕೆಡುತ್ತೆ, ಸಾಮಾನ್ಯವಾಗಿ ಚಿಕ್ಕದು. ಹಾಗಾಗಿ ಎರಡೂ ಬಗೆ ಬರುವ ಲ್ಯಾಬಿಗೆ ಎರಡು ರಿಟಾರ್ಟ್ ಅಥವಾ ಎರಡು ಚಿಕ್ಕ ಮೆಷಿನ್ ಇದ್ದರೆ ಒಳ್ಳೆಯದು. ನನ್ನ ಒಲವು ಎರಡು ಬೇರೆ ಮೆಷಿನ್‌ಗಳ ಕಡೆಗೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ. ಎರಡು ರಿಟಾರ್ಟ್ ಇದ್ದರೂ ಕಂಪ್ಯೂಟರ್ ಒಂದೇ ಆಗಿದ್ದರೆ ಆ ಧೈರ್ಯ ಇರುವುದಿಲ್ಲ.

ಹೊತ್ತಿನ ಲೆಕ್ಕವನ್ನು ಬೆಳಿಗ್ಗೆಯಿಂದ ಹಿಂದಕ್ಕೆ ಮಾಡಬೇಕು. ಬೆಳಿಗ್ಗೆ ಎಂಬೆಡಿಂಗ್ ಮಾಡುವವರು, ಅಂದರೆ ಮೇಣದ ಅಚ್ಚಿನಲ್ಲಿ ಟಿಶ್ಯೂ ಕೂರಿಸುವವರು, 7ಕ್ಕೆ ಬರುತ್ತಾರೆ ಅಂದುಕೊಳ್ಳಿ. 12 ಗಂಟೆಯ ಪ್ರೋಗ್ರಾಂ ಆದರೆ ಸಂಜೆ 7ಕ್ಕೆ ಶುರುವಾಗಬೇಕು. ರಜೆ ಬಂದರೆ? ಶುರುವನ್ನು ಮುಂದೂಡುವ ಸೌಲಭ್ಯ ಸಾಮಾನ್ಯವಾಗಿ ಇರುತ್ತೆ. ಆದರೆ ಕಾಯುವ ಹೊತ್ತಿನಲ್ಲಿ ಟಿಶ್ಯೂ ಫಾರ್ಮಲಿನ್‌ನಲ್ಲಿ ಇರುತ್ತಾ, ಕೊನೆಯ ಬಿಸಿ ಮೇಣದಲ್ಲಿ ಇರುತ್ತಾ ಅನ್ನೋದನ್ನು ನೋಡಿ. ಎರಡು ದಿನ ಬಿಸಿ ಮೇಣದಲ್ಲಿ ಬಿದ್ದಿದ್ದ ಬಯಾಪ್ಸಿಯನ್ನು ಯಾರೂ ಕೊಯ್ಯಲು ಇಷ್ಟಪಡುವುದಿಲ್ಲ.

## ನಡುರಾತ್ರಿ ಕರೆಂಟ್ ಹೋದರೆ?

ಕೊಟೇಷನ್ ಹಾಳೆಯಲ್ಲಿ ಇದರ ಬಗ್ಗೆ ಒಂದೇ ಸಾಲು ಇರುತ್ತೆ. ನಿಜಕ್ಕೂ ಅತಿ ಹೆಚ್ಚು ಹೊತ್ತು ಮಾತಾಡಬೇಕಾದ್ದು ಇದರ ಬಗ್ಗೆಯೇ. ರಕ್ತದ ಸ್ಯಾಂಪಲ್ ಹಾಳಾದರೆ ಇನ್ನೊಂದು ಸಲ ಸೂಜಿ ಚುಚ್ಚಬಹುದು. ಬಯಾಪ್ಸಿ ಹಾಳಾದರೆ ರೋಗಿ ಮತ್ತೆ ಅದೇ ನೋವು ಅನುಭವಿಸಬೇಕು. ಗಡ್ಡೆಯನ್ನು ಪೂರ್ತಿ ತೆಗೆದಾಗಿದ್ದರೆ ಮತ್ತೆ ತೆಗೆಯಲು ಏನೂ ಉಳಿದಿರುವುದಿಲ್ಲ. ಒಂದು ಸುತ್ತಿನಲ್ಲಿ ಹತ್ತಾರು ರೋಗಿಗಳ ಟಿಶ್ಯೂ ಒಟ್ಟಿಗೆ ಇರುತ್ತೆ ಅನ್ನೋದನ್ನೂ ಮರೆಯಬೇಡಿ.

ಕರೆಂಟ್ ಹೋದಾಗ ಮುಚ್ಚಿದ ಮೆಷಿನ್ ಯಾವ ಸ್ಥಿತಿಯಲ್ಲಿ ನಿಲ್ಲುತ್ತೆ? ರಿಟಾರ್ಟ್‌ನಲ್ಲಿ ಆಲ್ಕೋಹಾಲ್ ತುಂಬಿದ್ದಾಗ ನಿಂತರೆ ಟಿಶ್ಯೂ ಅಷ್ಟು ಬೇಗ ಕೆಡುವುದಿಲ್ಲ. ಒಂದು ದ್ರವ ಖಾಲಿಯಾಗಿ ಇನ್ನೊಂದು ಬರುವ ಮುಂಚೆ ನಿಂತರೆ ಟಿಶ್ಯೂ ಒಣಗುತ್ತೆ, ಒಣಗಿದ ಟಿಶ್ಯೂವನ್ನು ಪೂರ್ತಿ ಮೊದಲಿನಂತೆ ಮಾಡಲು ಆಗುವುದಿಲ್ಲ. ಒಳ್ಳೆಯ ಮೆಷಿನ್ ತೊಂದರೆ ಕಂಡ ಕೂಡಲೇ ಆ ಹಂತಕ್ಕೆ ಹೊಂದುವ ಯಾವುದಾದರೂ ದ್ರವವನ್ನು ತುಂಬಿಸಿ ನಿಲ್ಲುತ್ತೆ. ಅದನ್ನು ಮಾಡಲು ಬೇಕಾದಷ್ಟು ಬ್ಯಾಟರಿ ಒಳಗೇ ಇದೆಯಾ, ಇಲ್ಲ ಹೊರಗೆ ಯುಪಿಎಸ್ ಇಡಬೇಕಾ? ಯುಪಿಎಸ್ ಇಟ್ಟರೆ ಮೇಣದ ಹೀಟರ್‌ಗಳನ್ನೂ ಅದು ಎಳೆಯುತ್ತಾ? ಮೇಣ ಆರಿ ಪೈಪಿನಲ್ಲಿ ಗಟ್ಟಿಯಾದರೆ ಕರೆಂಟ್ ಬಂದ ಮೇಲೂ ಮೆಷಿನ್ ಮುಂದಕ್ಕೆ ಹೋಗುವುದಿಲ್ಲ. ಯಾರಿಗಾದರೂ ಮೊಬೈಲಿಗೆ ಅಲಾರ್ಮ್ ಹೋಗುತ್ತಾ? ಖಾಲಿ ಕೋಣೆಯಲ್ಲಿ ಬೀಪ್ ಹೊಡೆದರೆ ಕೇಳುವವರು ಯಾರು? ಸ್ಕ್ರೀನ್ ಕೆಟ್ಟಾಗಲೂ ಮುಚ್ಚಳ ತೆಗೆದು ಬುಟ್ಟಿ ಹೊರತೆಗೆಯುವ ದಾರಿ ಇದೆಯಾ?

ಕರೆಂಟಿನಷ್ಟೇ ದೊಡ್ಡ ಅಪಾಯ ಮನುಷ್ಯರದು. ಎಲ್ಲ ದ್ರವಗಳೂ ನೀರಿನ ಹಾಗೇ ಕಾಣುತ್ತವೆ. ಕೆಲಸದ ಗಡಿಬಿಡಿಯಲ್ಲಿ ಆಲ್ಕೋಹಾಲ್ ಜಾಗಕ್ಕೆ ಕ್ಸೈಲೀನ್ ಸುರಿದರೆ, ಇಲ್ಲ ಬಾಟಲಿ ಬದಲಿಸಿ ಬದಲಿಸಿದೆ ಅಂತ ಸ್ಕ್ರೀನಿನಲ್ಲಿ ಒತ್ತುವುದು ಮರೆತರೆ, ಇಲ್ಲ ಬದಲಿಸದೆಯೇ ಒತ್ತಿಬಿಟ್ಟರೆ, ಮೆಷಿನ್ ತನ್ನ ಪಾಡಿಗೆ ಶ್ರದ್ಧೆಯಿಂದ ತಪ್ಪು ಕೆಲಸವನ್ನೇ ಮುಗಿಸುತ್ತೆ. ಬಾಟಲಿಗೆ ಬಾರ್‌ಕೋಡ್, ಬಣ್ಣದ ಮುಚ್ಚಳ, ದ್ರವ ಯಾವುದು ಅಂತ ಪರೀಕ್ಷಿಸುವ ಸೆನ್ಸರ್, ಯಾರು ಯಾವಾಗ ಬದಲಿಸಿದರು ಅನ್ನುವ ದಾಖಲೆ, ಇವು ಇರುವ ಮೆಷಿನ್‌ಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ.

## ಕೋಣೆ ಮತ್ತು ಕ್ಸೈಲೀನ್

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ಮೊದಲ ಗುಂಪಿಗೆ ಸೇರಿಸಿದೆ. ಕ್ಸೈಲೀನ್ ಆವಿ ತಲೆನೋವು, ತಲೆಸುತ್ತು ತರುತ್ತೆ. ಇನ್ನೊಂದು ಅಪಾಯ ಬೆಂಕಿ. ಎಥನಾಲ್ ಸುಮಾರು 13 ಡಿಗ್ರಿಯಲ್ಲೇ, ಕ್ಸೈಲೀನ್ 30 ಡಿಗ್ರಿಯ ಆಸುಪಾಸಿನಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತವೆ. ಹಾಗಾಗಿ ಗಾಳಿ ಹೊರಹೋಗುವ ಪೈಪಿನ ಜಾಗ, ಇದ್ದಿಲಿನ ಫಿಲ್ಟರ್ ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು, ಬಳಸಿದ ದ್ರವವನ್ನು ಯಾರು ಒಯ್ಯುತ್ತಾರೆ, ಇವನ್ನು ಮೆಷಿನ್ ಬರುವ ಮುಂಚೆಯೇ ತೀರ್ಮಾನಿಸಬೇಕು. ಕ್ಸೈಲೀನ್ ಬೇಡ ಅನ್ನುವವರಿಗೆ ಐಸೊಪ್ರೊಪನಾಲ್ ಬಳಸುವ ಪ್ರೋಗ್ರಾಂಗಳಿವೆ. ಹೊತ್ತು ಸಾಮಾನ್ಯವಾಗಿ ಜಾಸ್ತಿ ಹಿಡಿಯುತ್ತೆ, ಮೆಷಿನ್ ಅದಕ್ಕೆ ಒಪ್ಪುವಂಥದ್ದಾಗಿರಬೇಕು.

## ಕೊಂಡ ಮೇಲಿನ ಖರ್ಚು

ಕಂಪನಿಯ ದ್ರವ, ಕಂಪನಿಯ ಮೇಣ ಮಾತ್ರ ಹಾಕಬೇಕಾ, ಬೇರೆಯವರದೂ ನಡೆಯುತ್ತಾ? ಇದನ್ನು ಬರಹದಲ್ಲಿ ಪಡೆಯಿರಿ. ಕೆಟ್ಟಾಗ ಎಂಜಿನಿಯರ್ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಬಿಡಿಭಾಗ ಎಲ್ಲಿಂದ ಬರಬೇಕು, ಅದೇ ಮಾದರಿ ಬಳಸುತ್ತಿರುವ ಲ್ಯಾಬ್ ಹತ್ತಿರದಲ್ಲಿ ಯಾವುದಿದೆ ಅಂತ ಕೇಳಿ. ಆ ಲ್ಯಾಬಿಗೆ ಹೋದಾಗ ಮುಖ್ಯಸ್ಥರ ಜೊತೆಗಲ್ಲ, ಬೆಳಿಗ್ಗೆ ಮೊದಲು ಬಂದು ಮುಚ್ಚಳ ತೆಗೆಯುವ ಟೆಕ್ನಿಷಿಯನ್ ಜೊತೆ ಮಾತಾಡಿ.

## ಹೊಸ ಮೆಷಿನ್‌ಗೆ ಪರೀಕ್ಷೆ

ಮೆಷಿನ್ ಬಂದ ದಿನವೇ ರೋಗಿಗಳ ಟಿಶ್ಯೂ ಹಾಕುವ ಹಾಗಿಲ್ಲ. ರಿಪೋರ್ಟ್ ಆಗಿ ಉಳಿದ, ಇನ್ನು ಬೇಡವಾದ ಟಿಶ್ಯೂಗಳನ್ನು, ಲ್ಯಾಬಿನ ನಿಯಮ ಒಪ್ಪುವ ಹಾಗೆ, ಬಳಸುತ್ತಾರೆ. ಕರುಳು, ಗರ್ಭಕೋಶ, ಚರ್ಮ, ಕೊಬ್ಬು, ಹೀಗೆ ಬೇರೆ ಬೇರೆ ಬಗೆ ಇರಲಿ. ಒಂದೇ ಟಿಶ್ಯೂವಿನ ಎರಡು ತುಣುಕು ತೆಗೆದು ಒಂದನ್ನು ಹಳೆಯದರಲ್ಲಿ, ಇನ್ನೊಂದನ್ನು ಹೊಸದರಲ್ಲಿ ಹಾಕಿ, ಯಾವುದು ಎಲ್ಲಿಯದು ಅಂತ ಪೆಥಾಲಜಿಸ್ಟ್‌ಗೆ ಹೇಳದೆ ಸ್ಲೈಡ್ ಕೊಡಬೇಕು. ಮಾಮೂಲಿ ಬಣ್ಣದ ಸ್ಲೈಡ್ ಚೆನ್ನಾಗಿ ಬಂದರೆ ಸಾಲದು, ಲ್ಯಾಬಿನಲ್ಲಿ ಇಮ್ಯುನೊ ಟೆಸ್ಟ್ (ಆಂಟಿಬಾಡಿ ಬಳಸಿ ಟಿಶ್ಯೂವಿನಲ್ಲಿ ನಿರ್ದಿಷ್ಟ ಪ್ರೋಟೀನ್ ಹುಡುಕುವ ಪರೀಕ್ಷೆ) ಮಾಡುವುದಿದ್ದರೆ ಅದನ್ನೂ ಇದೇ ಥರ ಹೋಲಿಸಬೇಕು. ಕೊಯ್ಯುವವರನ್ನೂ ಕೇಳಿ, ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ಟಿಶ್ಯೂ, ಕೈಗೆ ಸಿಕ್ಕ ಕೂಡಲೇ ಅವರಿಗೆ ಗೊತ್ತಾಗುತ್ತೆ. ಹಳೆಯ ಮೆಷಿನ್ ಇನ್ನೂ ಓಡುತ್ತಿದ್ದರೆ ಬದಲಿ ಕೊಟ್ಟು ಬೆಲೆ ಇಳಿಸಿಕೊಳ್ಳುವ ಆಸೆಗೆ ಅವಸರದಲ್ಲಿ ಅದನ್ನು ಕಳಿಸಿಬಿಡಬೇಡಿ. ಹೊಸದು ಕೊಬ್ಬಿನ ಟಿಶ್ಯೂವನ್ನೂ, ಉದ್ದನೆಯ ರಜೆಯನ್ನೂ, ಒಂದು ಸಲವಾದರೂ ಕರೆಂಟ್ ಹೋದದ್ದನ್ನೂ ದಾಟುವವರೆಗೆ ಅದು ಕೋಣೆಯಲ್ಲೇ ಇರಲಿ.